ಅಪ್ಪನಿಗೆ ಕಿಟ್ಟೆಲ್ ಊರು ನೋಡಬೇಕಂತೆ: ಟ್ಯೂಬಿಂಗೆನ್‌ನಲ್ಲಿ ಒಂದೂವರೆ ದಿನ ಏನು ಮಾಡಬಹುದು?

ತುಂಗೆ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವರ್ಷ ಆಯಿತು. ಜೂನ್‌ನಲ್ಲಿ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ವಿಮಾನ ಹತ್ತುವುದೇ ಮೊದಲ ಸಲ. ಪ್ಯಾರಿಸ್, ಸ್ವಿಟ್ಜರ್‌ಲ್ಯಾಂಡ್ ಎಲ್ಲ ಟೂರ್‌ನವರ ಜೊತೆ ಬುಕ್ ಆಗಿದೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಅಪ್ಪನ ಒಂದೇ ಒಂದು ಬೇಡಿಕೆಯದ್ದು.

ಅಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಮನೆಯಲ್ಲಿ ಕಿಟ್ಟೆಲ್ ನಿಘಂಟಿನ ಮರುಮುದ್ರಣ ಇದೆ. ದೇವರ ಕೋಣೆಯಲ್ಲಿ ಇಟ್ಟಿಲ್ಲ ಅನ್ನುವುದೊಂದು ಬಿಟ್ಟರೆ ಅದಕ್ಕೆ ಸಲ್ಲುವ ಮರ್ಯಾದೆಯಲ್ಲಿ ಯಾವ ಕೊರತೆಯೂ ಇಲ್ಲ. ಆರನೇ ಕ್ಲಾಸಿನಲ್ಲಿದ್ದಾಗ ಅದರ ಮೇಲೆ ಕಾಫಿ ಲೋಟ ಇಟ್ಟು ಬೆನ್ನಿಗೆ ಗುದ್ದು ತಿಂದವನು ನಾನು. ವೀಸಾ ಬಂದ ದಿನ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಟ್ಯೂಬಿಂಗೆನ್ ನಿಮ್ಮಲ್ಲಿಂದ ಎಷ್ಟು ದೂರವೋ?" ಕಿಟ್ಟೆಲ್ ತೀರಿಕೊಂಡ ಊರು ಅದು. ಮ್ಯಾಪ್ ತೆಗೆದು ನೋಡಿದರೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ. ಎರಡು ವರ್ಷದಲ್ಲಿ ನಾನು ಒಂದು ಸಲವೂ ಹೋಗಿಲ್ಲ. ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಏರು ಬಂದರೆ ಕಷ್ಟ. ಇಬ್ಬರೂ ಸಸ್ಯಾಹಾರಿಗಳು. ಅಪ್ಪ ಕೇಕಿನಲ್ಲಿರುವ ಮೊಟ್ಟೆಗೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ಅಮ್ಮ ಅದಕ್ಕೂ ಒಪ್ಪುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ತಿಂಗಳ ಶುರುವಿನಲ್ಲಿ ಒಂದು ಗುರುವಾರ ಯಾವುದೋ ಹಬ್ಬದ ರಜೆ ಇದೆ. ಅವತ್ತು ಬೆಳಿಗ್ಗೆ ಹೊರಟು, ಒಂದು ರಾತ್ರಿ ಉಳಿದು, ಶುಕ್ರವಾರ ಮಧ್ಯಾಹ್ನ ವಾಪಸ್. ಇದು ಸರಿಯೇ? ಕೋಟೆ ಹತ್ತುವುದು ಅಮ್ಮನಿಗೆ ಆಗುತ್ತದಾ? ಅಲ್ಲಿ ಉದ್ದನೆಯ ದೋಣಿ ಇದೆಯಂತೆ, ಭಯ ಇಲ್ಲ ತಾನೇ? ಊಟಕ್ಕೆ ಏನು ಗತಿ? ಎಲ್ಲಕ್ಕಿಂತ ಮುಖ್ಯವಾಗಿ, ಕಿಟ್ಟೆಲ್ ನೆನಪಿಗೆ ಅಪ್ಪನಿಗೆ ತೋರಿಸುವಂಥದ್ದು ಅಲ್ಲಿ ಏನಾದರೂ ಉಂಟಾ?

ಸುತ್ತಾಟದ ಚಪ್ಪಲಿ

ಟ್ಯೂಬಿಂಗೆನ್‌ಗೆ ಅರ್ಧ ದಿನ ಸಾಕು ಬ್ರದರ್. ಸೇತುವೆ ಮೇಲೆ ನಿಂತು ಫೋಟೋ, ಮಾರುಕಟ್ಟೆ ಚೌಕದಲ್ಲಿ ಫೋಟೋ, ಕೋಟೆಯಿಂದ ಫೋಟೋ, ಮುಗೀತು. ನಾನು ಬೆಳಿಗ್ಗೆ ಹತ್ತಕ್ಕೆ ಇಳಿದು ಎರಡೂವರೆಗೆ ವಾಪಸ್ ರೈಲು ಹತ್ತಿದ್ದೆ. ರಾತ್ರಿ ಉಳಿಯುವ ದುಡ್ಡಿನಲ್ಲಿ ಹೈಡೆಲ್‌ಬರ್ಗ್‌ಗೆ ಹೋಗಿ. ಅದೂ ಇದೇ ನೆಕ್ಕಾರ್ ನದಿ ಮೇಲೇ ಇದೆ, ಕೋಟೆ ಹತ್ತು ಪಟ್ಟು ದೊಡ್ಡದು, ಮೇಲೆ ಹೋಗಲು ಹಳಿ ಮೇಲೆ ಓಡುವ ಡಬ್ಬಿಯೂ ಇದೆ. ಅಮ್ಮನ ಮಂಡಿಗೆ ಅದೇ ಒಳ್ಳೆಯದು.

ಕರಾವಳಿ ಮಳೆ

ನಾನು ಮಂಗಳೂರಿನವಳು, ಟ್ಯೂಬಿಂಗೆನ್‌ಗೆ ಬಂದು ಏಳು ವರ್ಷ ಆಯಿತು. ಗಂಡನಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ. ಬಂದ ನೆಂಟರಿಗೆಲ್ಲ ಊರು ತೋರಿಸುವುದು ನನ್ನ ಸಂಬಳವಿಲ್ಲದ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಲಿನವರು ಹೇಳಿದ್ದು ಸುಳ್ಳೇನಲ್ಲ. ನಾಲ್ಕೂವರೆ ಗಂಟೆಯಲ್ಲಿ ಈ ಊರನ್ನು ಪೂರ್ತಿ ನಡೆದು ಮುಗಿಸಬಹುದು. ಆದರೆ ಇದು ನಡೆದು ಮುಗಿಸುವ ಊರಲ್ಲ ಮಾರಾಯ್ರೆ, ಕೂತುಕೊಳ್ಳುವ ಊರು. ಊರಿನ ಜನಸಂಖ್ಯೆ ತೊಂಬತ್ತು ಸಾವಿರದ ಆಸುಪಾಸು, ಅದರಲ್ಲಿ ಮೂರರಲ್ಲಿ ಒಂದು ಪಾಲು ವಿದ್ಯಾರ್ಥಿಗಳು. ಸಂಜೆ ಆರಕ್ಕೆ ಅಷ್ಟೂ ಹುಡುಗ ಹುಡುಗಿಯರು ಹೊಳೆ ಪಕ್ಕದ ಗೋಡೆ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಎರಡೂವರೆ ರೈಲು ಹತ್ತಿದವರಿಗೆ ಅದು ಸಿಗುವುದಿಲ್ಲ.

ಮೊದಲು ದಿನದ ವಿಷಯ. ನೀವು ಹೇಳುವ ಗುರುವಾರ ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತರ ಹಬ್ಬ. ಅವತ್ತು ಅಂಗಡಿ ಎಲ್ಲ ಬಂದ್. ಅದಕ್ಕಿಂತ ಮುಖ್ಯ, ಮಧ್ಯಾಹ್ನ ಇಲ್ಲಿ ದೋಣಿ ಓಟ ನಡೆಯುತ್ತದೆ. ಸೇತುವೆ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಅಮ್ಮನನ್ನು ಕರೆದುಕೊಂಡು ದಯವಿಟ್ಟು ಬರಬೇಡಿ. ಶುಕ್ರವಾರ ಬೆಳಿಗ್ಗೆ ಬನ್ನಿ, ಶನಿವಾರ ಮಧ್ಯಾಹ್ನ ಹೋಗಿ. ಶುಕ್ರವಾರ ಮಾರುಕಟ್ಟೆ ಚೌಕದಲ್ಲಿ ಸಂತೆಯೂ ಇರುತ್ತದೆ.

ರೈಲು ನಿಲ್ದಾಣದಿಂದ ನೆಕ್ಕಾರ್ ಸೇತುವೆಗೆ ನಿಧಾನಕ್ಕೆ ನಡೆದರೂ ಹತ್ತು ನಿಮಿಷ. ಸೇತುವೆಯ ಕಂಬಿ ಉದ್ದಕ್ಕೂ ಹೂವಿನ ಕುಂಡ ತೂಗುಹಾಕಿರುತ್ತಾರೆ. ಅಲ್ಲಿ ನಿಂತು ಎಡಕ್ಕೆ ನೋಡಿ. ಹಳೆ ಊರಿನ ಗೋಡೆ ಮೇಲೆ ಹಳದಿ, ಗುಲಾಬಿ, ತಿಳಿ ಹಸಿರು ಮನೆಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ನಿಂತಿವೆ. ಕೆಳಗೆ ನೀರಿನಲ್ಲಿ ಅದೇ ಮನೆಗಳು ತಲೆಕೆಳಗಾಗಿ. ಪೋಸ್ಟ್‌ಕಾರ್ಡಿನಲ್ಲಿ ಬರುವ ನೋಟ ಇದೇ. ಇಲ್ಲಿಂದ ನಿಮ್ಮ ಕೆಲಸ ಅರ್ಧ ಮುಗಿಯಿತು.

ಹೊಳೆ ಮಧ್ಯೆ ಒಂದು ಉದ್ದನೆಯ ದ್ವೀಪ ಇದೆ. ಅದರ ತುಂಬ ಪ್ಲೇನ್ ಎಂಬ ಜಾತಿಯ ಮರಗಳ ಸಾಲು, ಹತ್ತಿರ ಹತ್ತಿರ ಇನ್ನೂರು ವರ್ಷದ್ದು. ನೆಲ ಸಮತಟ್ಟು, ಬೆಂಚುಗಳಿವೆ, ನೆರಳಿದೆ. ಸೇತುವೆ ಮೇಲಿಂದಲೇ ಅಲ್ಲಿಗೆ ಮೆಟ್ಟಿಲು ಇಳಿಯುತ್ತದೆ, ಆದರೆ ಅಮ್ಮನಿಗೆ ಮೆಟ್ಟಿಲು ಬೇಡ ಅಂದರೆ ಪಶ್ಚಿಮದ ತುದಿಯ ಚಿಕ್ಕ ಸೇತುವೆ ಕಡೆಯಿಂದ ಬನ್ನಿ. ನನ್ನ ಅತ್ತೆ ಇಲ್ಲಿದ್ದ ಮೂರು ತಿಂಗಳು ದಿನಾ ಇಲ್ಲೇ ಬಂದು ಹೂಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ಹೋಗಿಬರುವ ಜರ್ಮನ್ ಅಜ್ಜಿಯರು ನಿಂತು ನೋಡಿ, ಕೊನೆಗೆ ಒಬ್ಬರು ಹತ್ತಿ ಇಸಕೊಂಡು ತಾವೂ ಹೊಸೆದರು. ಬತ್ತಿ ಬಹಳ ದಪ್ಪ ಬಂತು ಅನ್ನುವುದು ಅತ್ತೆಯ ದೂರು.

ದ್ವೀಪದ ಎದುರಿಗೇ ಕಾಣುವ ಹಳದಿ ಗೋಪುರ ಹೋಲ್ಡರ್‌ಲಿನ್ ಎಂಬ ಕವಿ ಇದ್ದ ಮನೆ. ಇವನ ಕಥೆ ನಿಮ್ಮ ಅಪ್ಪನಿಗೆ ಹಿಡಿಸುತ್ತದೆ. ಬುದ್ಧಿ ಕೆಟ್ಟಿದೆ ಎಂದು ಇದೇ ಊರಿನ ಆಸ್ಪತ್ರೆಗೆ ಸೇರಿಸಿದ್ದರು. 1807ರಲ್ಲಿ ಡಾಕ್ಟರು ಇನ್ನು ಹೆಚ್ಚೆಂದರೆ ಮೂರು ವರ್ಷ ಎಂದು ಕೈಚೆಲ್ಲಿ ಹೊರಗೆ ಕಳಿಸಿದರು. ತ್ಸಿಮ್ಮರ್ ಎಂಬ ಬಡಗಿಗೆ ಇವನ ಪುಸ್ತಕ ಓದಿ ಇಷ್ಟವಾಗಿತ್ತು. ಅವನು ಮನೆಗೆ ಕರೆದುಕೊಂಡು ಬಂದ. ಮೂರು ವರ್ಷದ ಅತಿಥಿ ಮೂವತ್ತಾರು ವರ್ಷ ಇದ್ದ! ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ಕವಿ ಸತ್ತಿದ್ದು 1843ರಲ್ಲಿ. ಕೊನೆಕೊನೆಗೆ ಬರೆದ ಪದ್ಯಗಳಿಗೆ ಸ್ಕರ್ದನೆಲ್ಲಿ ಎಂದು ಬೇರೆ ಯಾರದೋ ಹೆಸರಿನಲ್ಲಿ ರುಜು ಹಾಕುತ್ತಿದ್ದನಂತೆ. ಒಳಗೆ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. ಕಿಟಕಿ ಪಕ್ಕ ನಿಂತು ಹೊಳೆ ನೋಡಿ. ಅವನಿಗೆ ಅಷ್ಟು ವರ್ಷ ಕಂಡಿದ್ದೂ ಆ ಹೊಳೆಯೇ. ನಾನು ಪ್ರತಿ ಸಲ ಆ ಬಡಗಿಯನ್ನು ನೆನೆದು ಬರುತ್ತೇನೆ, ಕವಿಯನ್ನಲ್ಲ.

ಗೋಪುರದ ಬುಡದಲ್ಲೇ ದೋಣಿ ಹತ್ತುವ ಜಾಗ. ಸ್ಟೋಹರ್‌ಕಾನ್ ಎಂದು ಹೆಸರು. ಚಪ್ಪಟೆ ತಳ, ಉದ್ದ, ಎರಡೂ ಬದಿಗೆ ಒರಗಿ ಕೂರಲು ಹಲಗೆ. ಹಿಂದೆ ಒಬ್ಬ ನಿಂತು ಉದ್ದನೆಯ ಗಳದಿಂದ ತಳ ಒತ್ತಿ ತಳ್ಳುತ್ತಾನೆ. ಹುಟ್ಟು ಇಲ್ಲ, ಮೋಟಾರ್ ಇಲ್ಲ. ನೀರು ನಿಧಾನ, ಆಳವೂ ಜಾಸ್ತಿ ಇಲ್ಲ. ಹತ್ತುವಾಗ ಒಂದು ಹೆಜ್ಜೆ ಕೈ ಹಿಡಿದುಕೊಂಡರೆ ಸಾಕು. ಬುತ್ತಿ ಕಟ್ಟಿಕೊಂಡು ಹೋಗಿ, ದೋಣಿಯಲ್ಲಿ ತಿನ್ನುವುದೇ ಇಲ್ಲಿನ ಪದ್ಧತಿ. ಒಂದು ಗಂಟೆಯಲ್ಲಿ ದ್ವೀಪ ಸುತ್ತಿಸಿ ತರುತ್ತಾರೆ.

ಕೋಟೆ ವಿಷಯ. ಏರು ಇದೆ, ಕಲ್ಲು ಹಾಸಿನ ರಸ್ತೆ, ಸುಮ್ನೆ ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ಹೆಜ್ಜೆಗೊಮ್ಮೆ ನಿಂತು ಹೋದರೆ ಇಪ್ಪತ್ತು ನಿಮಿಷದ ಕೆಲಸ. ಅಂಗಳಕ್ಕೆ ದುಡ್ಡಿಲ್ಲ. ಒಳಗಿನ ಮ್ಯೂಸಿಯಂಗೆ ಟಿಕೆಟ್ ಇದೆ, ವಾರದಲ್ಲಿ ಕೆಲವು ದಿನ ಮುಚ್ಚಿರುತ್ತದೆ, ಮೊದಲೇ ನೋಡಿಕೊಳ್ಳಿ. ಅಲ್ಲಿ ಎರಡೇ ಎರಡು ವಸ್ತುಗಳಿಗಾಗಿ ಹತ್ತಿ ಅನ್ನುತ್ತೇನೆ.

ಒಂದು, ಮಹಾಗಜದ (ಮ್ಯಾಮತ್ ಎಂಬ ಅಳಿದುಹೋದ ಆನೆಯ) ದಂತದಲ್ಲಿ ಕೆತ್ತಿದ ಕುದುರೆ. ಉದ್ದ ಐದು ಸೆಂಟಿಮೀಟರ್ ಕೂಡ ಇಲ್ಲ, ನಮ್ಮ ಹೆಬ್ಬೆರಳಿನಷ್ಟು. ವಯಸ್ಸು ಸುಮಾರು 40,000 ವರ್ಷ. ಕಾಲುಗಳು ಮುರಿದಿವೆ, ಕುತ್ತಿಗೆಯ ಬಾಗು ಮಾತ್ರ ಹಾಗೇ ಇದೆ. ಫೋಗೆಲ್‌ಹೆರ್ಡ್ ಎಂಬ ಗುಹೆಯಲ್ಲಿ ಸಿಕ್ಕಿದ್ದು. ಅಷ್ಟು ಚಿಕ್ಕದರ ಮುಂದೆ ದೊಡ್ಡವರೂ ಬಗ್ಗಿ, ಮೂಗು ಗಾಜಿಗೆ ತಾಗಿಸಿ ನಿಲ್ಲುತ್ತಾರೆ. ಗಾಜಿನ ಮೇಲೆ ಮೂಗಿನ ಗುರುತು ಯಾವಾಗಲೂ ಇರುತ್ತದೆ.

ಇನ್ನೊಂದು, ಅಡುಗೆಮನೆ. ಹೌದು, ಕೋಟೆಯ ಹಳೆ ಅಡುಗೆಮನೆ. ಅದನ್ನು ವಿಶ್ವವಿದ್ಯಾಲಯದ ಪ್ರಯೋಗಶಾಲೆ ಮಾಡಿಕೊಂಡಿದ್ದರು. 1869ರಲ್ಲಿ ಮೀಷರ್ ಎಂಬ ಯುವಕ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿಕೊಂಡು ತೊಳೆದು, ಅದರಿಂದ ಹೊಸದೊಂದು ವಸ್ತು ಬೇರ್ಪಡಿಸಿದ. ನ್ಯೂಕ್ಲೀನ್ ಎಂದು ಹೆಸರಿಟ್ಟ. ಈಗ ನಾವೆಲ್ಲ ಡಿಎನ್‌ಎ ಅನ್ನುವುದು ಅದನ್ನೇ. ಕೀವಿನ ಬಟ್ಟೆ ಅಡುಗೆಮನೆಯಲ್ಲಿ ಎಂದು ಕೇಳಿ ನನ್ನ ಅತ್ತೆ ಒಳಗೆ ಕಾಲಿಡಲಿಲ್ಲ. ನಿಮ್ಮ ಅಮ್ಮನಿಗೆ ಹೊರಗೆ ಬಂದ ಮೇಲೆ ಹೇಳಿ.

ಮಾರುಕಟ್ಟೆ ಚೌಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಣ್ಣಿಗೆ ಬೀಳುತ್ತದೆ. 1435ರ ಟೌನ್‌ಹಾಲ್, ಅದರ ಮೇಲೆ 1511ರ ಖಗೋಳ ಗಡಿಯಾರ. ಪಕ್ಕದಲ್ಲೇ ಸ್ಟಿಫ್ಟ್ಸ್‌ಕಿರ್ಷ ಎಂಬ ದೊಡ್ಡ ಚರ್ಚು. ಅದರ ಎದುರು ಒಂದು ಹಳೆ ಪುಸ್ತಕದ ಅಂಗಡಿ, ಹೆಕ್ಕೆನ್‌ಹೌವರ್. ಮುಂದೆ ದೊಡ್ಡ ಕಾದಂಬರಿಕಾರನಾದ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ ಇಲ್ಲಿ ಪುಸ್ತಕ ಜೋಡಿಸುವ, ಕಟ್ಟು ಕಟ್ಟುವ ಕೆಲಸಕ್ಕಿದ್ದ. 1895ರಿಂದ 1899ರ ತನಕ. ಇವನಿಗೂ ನಮಗೂ ನಂಟಿದೆ ನೋಡಿ. ಅವನ ಅಪ್ಪ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕೆಲಸಕ್ಕೆ ನಮ್ಮ ಮಂಗಳೂರಿಗೆ ಬಂದಿದ್ದವರು. ಅಮ್ಮ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಅಜ್ಜ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು.

ಗಲ್ಲಿ ಸುತ್ತುವಾಗ ಚರ್ಚಿನ ಹತ್ತಿರ "ಇಲ್ಲಿ ಗಯಟೆ ವಾಸವಾಗಿದ್ದ" ಎಂಬ ಫಲಕ ಕಾಣುತ್ತದೆ. 1797ರಲ್ಲಿ ಈ ಜರ್ಮನ್ ಮಹಾಕವಿ ತನ್ನ ಪ್ರಕಾಶಕ ಕೋಟ್ಟಾ ಮನೆಯಲ್ಲಿ ಕೆಲವು ದಿನ ಇದ್ದ. ಪಕ್ಕದ ವಿದ್ಯಾರ್ಥಿಗಳ ಮನೆಯಲ್ಲಿ ಇನ್ನೊಂದು ಫಲಕ: "ಇಲ್ಲಿ ಗಯಟೆ ವಾಂತಿ ಮಾಡಿದ". ಇದನ್ನು ಅಪ್ಪನಿಗೆ ಅನುವಾದಿಸುವುದೋ ಬೇಡವೋ ನಿಮಗೆ ಬಿಟ್ಟಿದ್ದು.

ಈಗ ಊಟ. ಇಲ್ಲಿ ಜಾಗ್ರತೆ ಬೇಕು. ಮೌಲ್‌ಟಾಶೆನ್ ಅಂತ ಒಂದಿದೆ, ನೋಡಲು ಥೇಟ್ ನಮ್ಮ ಕಡುಬು. ಒಳಗೆ ಸಾಮಾನ್ಯವಾಗಿ ಮಾಂಸ. ಉಪವಾಸದ ಕಾಲದಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರು ಎಂಬ ಕಥೆಯೇ ಇದೆ. ದೇವರೇ ಮೋಸಹೋದ ಮೇಲೆ ನಾವೆಷ್ಟರವರು! ತರಕಾರಿಯದ್ದೂ ಸಿಗುತ್ತದೆ, ಕೇಳಿ ತಿನ್ನಿ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಸ್ಪೆಟ್ಸ್‌ಲೆ ಎಂಬ ಇಲ್ಲಿನ ಶಾವಿಗೆಗೂ ಮೊಟ್ಟೆ ಇದ್ದೇ ಇರುತ್ತದೆ. ಇಲ್ಲಿನ ಬೇಳೆ ಸಾರಿನಂಥ ಲೆಂಟಿಲ್ ಪಲ್ಯ ಚೆನ್ನಾಗಿರುತ್ತದೆ, ಆದರೆ ಹಂದಿಮಾಂಸದ ಚೂರು ಹಾಕಿ ಬೇಯಿಸುವುದು ರೂಢಿ. ಬ್ರೆಟ್ಸೆಲ್ ಎಂಬ ಗಂಟು ಹಾಕಿದಂಥ ಬ್ರೆಡ್ಡಿಗೆ ಕೆಲವು ಬೇಕರಿಯವರು ಹಂದಿ ಕೊಬ್ಬು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಎಲ್ಲಕ್ಕಿಂತ ಕಳ್ಳ ಯಾವುದು ಗೊತ್ತಾ? ಆಲೂಗಡ್ಡೆ ಸಾಲಡ್. ಈ ಸೀಮೆಯಲ್ಲಿ ಅದನ್ನು ಮಾಂಸ ಬೇಯಿಸಿದ ನೀರಿನಲ್ಲಿ ಕಲಸುತ್ತಾರೆ. ನನ್ನ ಅತ್ತೆ ಒಂದು ಹೋಟೆಲಿನಲ್ಲಿ ಮೂರು ಸಲ ಚಪ್ಪರಿಸಿಕೊಂಡು ತಿಂದರು. "ಎಂತ ಹಾಕುತ್ತಾರೆ ಕೇಳು, ಊರಲ್ಲಿ ಮಾಡುತ್ತೇನೆ" ಅಂದರು. ಕೇಳಿದೆ. ಕೇಳಬಾರದಿತ್ತು. ಅತ್ತೆಗೆ ನಾನು ಈ ತನಕ ಹೇಳಿಲ್ಲ. "ಜೀರಿಗೆ ನೀರು" ಅಂದುಬಿಟ್ಟೆ.

ಹಾಗಾಗಿ ಚಿತ್ರಾನ್ನ ಕಟ್ಟಿಕೊಂಡು ಬನ್ನಿ. ಶುಕ್ರವಾರದ ಸಂತೆಯಲ್ಲಿ ಜೂನ್‌ಗೆ ಸ್ಟ್ರಾಬೆರಿ ಇರುತ್ತದೆ, ಚೆರ್ರಿಯೂ ಬರಬಹುದು. ಕಾಫಿಗೆ ನಿಮ್ಮದೇ ಲೋಟ ತನ್ನಿ. ಈ ಊರಿನಲ್ಲಿ ಎಸೆಯುವ ಲೋಟಕ್ಕೆ 50 ಸೆಂಟ್ ತೆರಿಗೆ ಇದೆ, 2022ರಿಂದ. ಅದರ ಮೇಲೆ ಕೇಸು ಸುಪ್ರೀಂ ಕೋರ್ಟಿನಂಥ ಕೋರ್ಟಿನ ತನಕ ಹೋಗಿ ಊರಿನವರೇ ಗೆದ್ದರು.

ಕೊನೆಗೆ ಕಿಟ್ಟೆಲ್. ಇದನ್ನು ಅಪ್ಪನಿಗೆ ಮೊದಲೇ ಮೆತ್ತಗೆ ಹೇಳಿಬಿಡಿ. ಕಿಟ್ಟೆಲ್ ಇಲ್ಲಿ ತೀರಿಕೊಂಡಿದ್ದು ನಿಜ, 1903ರ ಡಿಸೆಂಬರ್‌ನಲ್ಲಿ. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅದಕ್ಕಾಗಿ ಇಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿರುವಂಥ ಪ್ರತಿಮೆಯೊಂದನ್ನು ಇಲ್ಲಿ ನಿರೀಕ್ಷಿಸಬೇಡಿ. ಏಳು ವರ್ಷದಲ್ಲಿ ನನ್ನ ಕಣ್ಣಿಗೆ ಅಂಥದ್ದು ಬಿದ್ದಿಲ್ಲ. ಗಯಟೆ, ತತ್ವಜ್ಞಾನಿ ಹೆಗೆಲ್, ಖಗೋಳ ವಿಜ್ಞಾನಿ ಕೆಪ್ಲರ್ ಇವರ ನಡುವೆ ನಮ್ಮವರು ಸ್ವಲ್ಪ ಹಿಂದೆ ಉಳಿದಿದ್ದಾರೆ. ಅಪ್ಪನಿಗೆ ಸಿಗುವುದು ಅವರು ಓಡಾಡಿದ ಗಲ್ಲಿ, ಕೇಳಿದ ಗಂಟೆ, ನೋಡಿದ ಹೊಳೆ. ಅಷ್ಟು ಸಾಕು ಅನ್ನುವವರಾದರೆ ಖಂಡಿತ ಕರೆದುಕೊಂಡು ಬನ್ನಿ.

ತುಂಗೆ ದಂಡೆ

ಅಕ್ಕ, ಇಷ್ಟು ಬರೆದಿದ್ದಕ್ಕೆ ಏನು ಹೇಳಲಿ! ಶುಕ್ರವಾರಕ್ಕೆ ಬದಲಾಯಿಸಿದೆ. ಆಫೀಸಿಗೆ ರಜೆ ಹಾಕಿದ್ದೇನೆ. ಜೀರಿಗೆ ನೀರಿನ ಗುಟ್ಟು ನನ್ನಲ್ಲೇ ಇರುತ್ತದೆ. ಆ ದೋಣಿ ಓಟ ಅಂದರೆ ಏನು? ಗುರುವಾರ ನಾನೊಬ್ಬನೇ ಬಂದು ನೋಡಿಹೋಗಲೇ ಅನ್ನಿಸುತ್ತಿದೆ.

ಗಳ ಹಿಡಿದವ

ಓಟದ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಮಾಸ್ಟರ್ಸ್ ಮಾಡುವಾಗ ಒಂದು ವರ್ಷ ಗೆಳೆಯರ ತಂಡದಲ್ಲಿ ಕೂತಿದ್ದೆ. 1956ರಿಂದ ನಡೆಯುತ್ತಿದೆ. ಎಲ್ಲ ತಂಡದವರೂ ವೇಷ ಹಾಕಿಕೊಂಡು ಬರುತ್ತಾರೆ. ದ್ವೀಪ ಸುತ್ತಿ ಬಂದು ಸೇತುವೆ ಕಂಬದ ಸಂದಿಯಲ್ಲಿ ತೂರಬೇಕು. ಆ ಜಾಗಕ್ಕೆ ಸೂಜಿ ಕಣ್ಣು ಅಂತಲೇ ಹೆಸರು. ಹತ್ತಾರು ದೋಣಿ ಒಟ್ಟಿಗೆ ಅಲ್ಲಿಗೆ ನುಗ್ಗಿದಾಗ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನೇ ಸರಿ, ಒಂದೇ ವ್ಯತ್ಯಾಸ ಅಂದರೆ ಕೆಳಗೆ ನೀರು. ಗಳಗಳು ಒಂದಕ್ಕೊಂದು ಸಿಕ್ಕಿಕೊಂಡು, ಜನ ನೀರಿಗೆ ಬಿದ್ದು, ಮೇಲಿನವರು ಕೇಕೆ ಹೊಡೆದು.

ಗೆದ್ದವರಿಗೆ ಬಿಯರ್. ಸೋತ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಎಲ್ಲರ ಎದುರಿಗೆ. ಮುಂದಿನ ವರ್ಷದ ಓಟ ನಡೆಸುವ ತಲೆನೋವೂ ಅವರದ್ದೇ. ನಾವು ಕೊನೆಯಿಂದ ನಾಲ್ಕನೆಯವರು. ನನ್ನ ಜೀವನದಲ್ಲಿ ನಾಲ್ಕನೇ ಸ್ಥಾನಕ್ಕೆ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಗಳ ಹಿಡಿಯುವ ಆಸೆ ನಿಮಗಿದ್ದರೆ ಒಂದು ಮಾತು. ತಳದ ಕೆಸರಿನಲ್ಲಿ ಗಳ ಕಚ್ಚಿಕೊಳ್ಳುತ್ತದೆ. ಆಗ ಗಳ ಬಿಡಬೇಕು, ದೋಣಿ ಬಿಡಬಾರದು. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ. ದೋಣಿ ಮುಂದೆ ಹೋಗುತ್ತದೆ, ಇವರು ಗಳಕ್ಕೆ ಜೋತುಬಿದ್ದು ಹೊಳೆ ಮಧ್ಯೆ ಉಳಿಯುತ್ತಾರೆ.

ಹಳೇ ಪುಸ್ತಕ

ನಿಮ್ಮ ತಂದೆಯವರಿಗೆ ಒಂದು ಸಮಾಧಾನ ಹೇಳಬೇಕು ಅನ್ನಿಸಿತು. ಹೋಲ್ಡರ್‌ಲಿನ್ ಗೋಪುರದಿಂದ ಸ್ವಲ್ಪ ಮುಂದೆ ನಡೆದರೆ ಸ್ಟಿಫ್ಟ್ ಎಂಬ ಹಳೆ ವಿದ್ಯಾರ್ಥಿನಿಲಯ ಸಿಗುತ್ತದೆ. ಮೊದಲು ಮಠವಾಗಿದ್ದ ಕಟ್ಟಡ. ಹೆಗೆಲ್, ಶೆಲ್ಲಿಂಗ್, ಹೋಲ್ಡರ್‌ಲಿನ್ ಒಟ್ಟಿಗೆ ಇದ್ದದ್ದು ಇಲ್ಲೇ ಎಂದು ಎಲ್ಲ ಗೈಡುಗಳೂ ಹೇಳುತ್ತಾರೆ. ಅವರು ಹೇಳದೇ ಬಿಡುವ ಹೆಸರು ಹರ್ಮನ್ ಮೊಗ್ಲಿಂಗ್. ಅವರೂ ಇಲ್ಲೇ ಓದಿದವರು. 1836ರಲ್ಲಿ ಮಿಷನರಿಯಾಗಿ ಮಂಗಳೂರಿಗೆ ಬಂದರು. 1843ರ ಜುಲೈ 1ಕ್ಕೆ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಕಲ್ಲಚ್ಚಿನಲ್ಲಿ ಹೊರಟಿತು. ಹದಿನೈದು ದಿನಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು. ಮರುವರ್ಷ ಅದು ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ" ಆಯಿತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಇವರಿಗೂ 1858ರಲ್ಲೇ ಡಾಕ್ಟರೇಟ್ ಕೊಟ್ಟಿದೆ, ಕಿಟ್ಟೆಲ್‌ಗಿಂತ ಮೊದಲು. ಆ ಬಾಗಿಲ ಮುಂದೆ ತಂದೆಯವರನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಿರಿ.

ನಾನಿರುವ ಎಸ್‌ಲಿಂಗೆನ್‌ನಲ್ಲೇ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡರು. ಇದೂ ನೆಕ್ಕಾರ್ ದಂಡೆಯೇ, ನಿಮ್ಮ ಮನೆಯಿಂದ ಎಸ್-ಬಾನ್ ರೈಲಿನಲ್ಲಿ ಕಾಲು ಗಂಟೆ. ಟ್ಯೂಬಿಂಗೆನ್‌ನಲ್ಲಿ ನೋಡಿದ ನೀರೇ ಎಸ್‌ಲಿಂಗೆನ್ ದಾಟಿ ನಿಮ್ಮೂರಿಗೆ ಬರುತ್ತದೆ.

ಇನ್ನೊಂದು. ಗುಂಡರ್ಟ್ ಅವರ ಹಸ್ತಪ್ರತಿ, ಪುಸ್ತಕಗಳನ್ನೆಲ್ಲ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ಗುಂಡರ್ಟ್ ಪೋರ್ಟಲ್ ಎಂದು ಹುಡುಕಿ. ಮಲಯಾಳಂ ಜಾಸ್ತಿ, ಆದರೆ ಬಾಸೆಲ್ ಮಿಷನ್ ಅಚ್ಚುಹಾಕಿದ ಕನ್ನಡ, ತುಳು ಪುಸ್ತಕಗಳೂ ಇವೆ. ಮರದ ಕೆಳಗೆ ಕೂತು ತಂದೆಯವರ ಕೈಗೆ ಮೊಬೈಲ್ ಕೊಡಿ. ಎರಡು ಗಂಟೆ ನಿಮಗೆ ಬಿಡುವು.

ತುಂಗೆ ದಂಡೆ

ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಹತ್ತೂವರೆಗೆ ಸೇತುವೆ. ಅಮ್ಮ ಹೂಕುಂಡ ನೋಡುತ್ತ ನಿಂತವರು ಹದಿನೈದು ನಿಮಿಷ ಹಂದಲಿಲ್ಲ. "ಇದಕ್ಕೆ ನೀರು ಹಾಕುವವರು ಯಾರು, ಕೆಳಗೆ ದೋಣಿಯಲ್ಲಿ ಹೋಗುವವರ ತಲೆ ಮೇಲೆ ಬೀಳುವುದಿಲ್ಲವಾ?" ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಪ್ಪ ಸ್ಟಿಫ್ಟ್ ಬಾಗಿಲ ಮುಂದೆ ಶಾಲೆಯ ಗ್ರೂಪ್ ಫೋಟೋಗೆ ನಿಂತ ಹಾಗೆ ನೆಟ್ಟಗೆ ನಿಂತರು. ಗುಂಡಿ ಸರಿಮಾಡಿಕೊಂಡು ತೆಗಿ ಅಂದರು. ಒಳಗಿನಿಂದ ಬಂದ ಹುಡುಗನೊಬ್ಬ ಸೈಕಲ್ ಹಿಡಿದುಕೊಂಡು, ಫೋಟೋ ಮುಗಿಯುವ ತನಕ ಕಾದ. ಅಪ್ಪ ಅವನಿಗೆ ಕನ್ನಡದಲ್ಲೇ "ಓದು ಚೆನ್ನಾಗಿ" ಅಂದರು. ಅವನೂ ತಲೆ ಆಡಿಸಿದ.

ಕೋಟೆಗೆ ಅಮ್ಮ ಹತ್ತಿದರು! ಆರು ಸಲ ಕೂತು. ಕುದುರೆ ನೋಡಿ "ಇಷ್ಟೇನಾ" ಅಂದರು, ಆಮೇಲೆ ಬಗ್ಗಿದವರು ಏಳಲಿಲ್ಲ. ಅಡುಗೆಮನೆ ವಿಷಯ ಹೊರಗೆ ಬಂದ ಮೇಲೇ ಹೇಳಿದೆ. ಆದರೂ ಬೈಸಿಕೊಂಡೆ.

ದೋಣಿ ಸಂಜೆ ಐದಕ್ಕೆ. ಚಿತ್ರಾನ್ನದ ಡಬ್ಬಿ ತೆಗೆದ ತಕ್ಷಣ ಪಕ್ಕದ ಹಲಗೆಯವರೆಲ್ಲ ತಿರುಗಿ ನೋಡಿದರು, ಅಮ್ಮ ಎಲ್ಲರಿಗೂ ಒಂದೊಂದು ಚಮಚ ಹಂಚಿದರು. ಗಳ ಹಿಡಿದಿದ್ದವನು ವಿದ್ಯಾರ್ಥಿ, ಹೊಸಬ ಇರಬೇಕು. ದ್ವೀಪದ ತುದಿಯಲ್ಲಿ ತಿರುಗಿಸುವಾಗ ಗಳ ಕೆಸರಿಗೆ ಕಚ್ಚಿತು. ಅವನು ಎಳೆಯುತ್ತಾನೆ, ದೋಣಿ ಮುಂದೆ ಜಾರುತ್ತಿದೆ, ಅವನ ಮೈ ಹಿಂದಕ್ಕೆ ವಾಲುತ್ತಿದೆ. ಅಮ್ಮ ಒಮ್ಮೆಲೇ "ಏ ಮಾಣಿ, ಗಳ ಬಿಡೋ!" ಎಂದು ಕೂಗಿದರು. ಏನು ಅರ್ಥವಾಯಿತೋ, ಹುಡುಗ ಬಿಟ್ಟ. ಆಮೇಲೆ ಕೈಯಲ್ಲೇ ನೀರು ಬಡಿದುಕೊಂಡು ಹಿಂದೆ ಹೋಗಿ ತೆಗೆದುಕೊಂಡೆವು. ಊರಿನಲ್ಲಿ ಅಮ್ಮನ ತವರುಮನೆ ಹೊಳೆಯ ಆಚೆ ದಡ. ಸೇತುವೆ ಆಗುವ ತನಕ ಶಾಲೆಗೆ ಹೋಗಿದ್ದು ದೋಣಿಯಲ್ಲೇ. ಇದು ನನಗೆ ಗೊತ್ತಿದ್ದ ವಿಷಯವೇ, ಆದರೆ ಯಾಕೋ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ದೋಣಿಗೆ ಭಯವಾಗುತ್ತದಾ ಎಂದು ಇಲ್ಲಿ ಬಂದು ಕೇಳಿದ್ದೆನಲ್ಲ.

ಅಪ್ಪನಿಗೆ ಅಲ್ಲಿಂದ ತಲೆಯಲ್ಲಿ ಹುಳ. ಅದು ಗಳವೋ, ಗಳುವೋ, ಗಳೆಯೋ? ಕಿಟ್ಟೆಲ್ ಏನು ಕೊಟ್ಟಿದ್ದಾರೆ? ಊಟದ ಹೊತ್ತಿನಲ್ಲೂ ಅದೇ. ರಾತ್ರಿ ರೂಮಿನಲ್ಲಿ ಕನ್ನಡಕ ಹಾಕಿಕೊಂಡು ನನ್ನ ಲ್ಯಾಪ್‌ಟಾಪ್‌ನಲ್ಲಿ ನಿಘಂಟಿನ ಸ್ಕ್ಯಾನ್ ತೆರೆಸಿ, ಒಂದೊಂದೇ ಪುಟ ಸರಿಸುತ್ತ ಕೂತರು. ಹನ್ನೊಂದು ಗಂಟೆಗೆ ಸಿಕ್ಕಿತು. ಗಳೆ, ಬಿದಿರಿನ ಕೋಲು. ಮಲಗಿದ್ದ ಅಮ್ಮನನ್ನು ಎಬ್ಬಿಸಿ ತೋರಿಸಿದರು, "ನೋಡು, ಈ ಊರಿನಲ್ಲಿ ಸತ್ತ ಮನುಷ್ಯ ಬರೆದಿಟ್ಟಿದ್ದು."

ಅಮ್ಮ ಹೊದಿಕೆ ಎಳೆದುಕೊಂಡು ಹೇಳಿದ್ದು: "ಅಷ್ಟಕ್ಕೆ ಆ ಪುಸ್ತಕ ಬೇಕಿತ್ತಾ? ನನ್ನ ಕೇಳಿದ್ದರೆ ದೋಣಿಯಲ್ಲೇ ಹೇಳುತ್ತಿದ್ದೆ."

ಅಕ್ಕ, ಹೆಸ್ಸೆಯ ಪುಸ್ತಕದಂಗಡಿ ಶನಿವಾರಕ್ಕೆ ಉಳಿಸಿಕೊಂಡಿದ್ದೆವು, ಆದರೆ ಬೆಳಿಗ್ಗೆ ಇಬ್ಬರೂ ಮರದ ಕೆಳಗಿನ ಬೆಂಚು ಬಿಟ್ಟು ಏಳಲಿಲ್ಲ. ಅಮ್ಮ ಹೂಬತ್ತಿಗೆ ಹತ್ತಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ. ಔಷಧಿ ಅಂಗಡಿಯದ್ದು ಆಗುತ್ತದಾ?

ಕರಾವಳಿ ಮಳೆ

ಆಗುವುದಿಲ್ಲ, ಅದು ಜಾರುತ್ತದೆ. ನಮ್ಮ ಮನೆಯಲ್ಲಿ ಅತ್ತೆ ಬಿಟ್ಟುಹೋದ ಒಂದು ಉಂಡೆ ಇದೆ. ವಿಳಾಸ ಮೆಸೇಜ್ ಮಾಡಿ, ಕಳಿಸುತ್ತೇನೆ.